ಅರ್ಧ ಗ್ಲಾಸ್ ಸಾಕ್ರಿ, ಅದು ಕುರಿ ಹಾಲು

ಹೋದ ಸಂಚಿಕಿಯೊಳಗ ಎಮ್ಮಿ ಹಾಲಿನ ಪ್ರಶ್ನೆಗೆ ಉತ್ತರ ಬರೀತಾ ಬರೀತಾ ಕೊನೀಗೆ "ಇದಕ್ಕಿಂತ ಗಟ್ಟಿ ಹಾಲು ಬೇಕಂದ್ರ ಕುರಿ ಹಾಲಿಗೇ ಹೋಗ್ಬೇಕು" ಅಂತ ಒಂದು ಸಾಲು ಸುಮ್ನ ಸೇರಿಸಿದ್ದೆ ನೋಡ್ರಿ, ಮುಗೀತು. ಪುಣೆ, ಮುಂಬೈ, ಗೋವಾ ಎಲ್ಲಾ ಕಡೆಯಿಂದ ಪತ್ರ, ವಾಟ್ಸಾಪು, ಮೂರು ಮೂರು ನಿಮಿಷದ ವಾಯ್ಸ್ ಮೆಸೇಜು. ಒಬ್ರು "ಕುರಿ ಹಾಲು ಯಾರರೆ ಕುಡೀತಾರೇನ್ರಿ" ಅಂತ ನಕ್ಕಾರ, ಇನ್ನೊಬ್ರು ಲೀಟರಿಗೆ ಎಷ್ಟು, ಎಲ್ಲಿ ಸಿಗತದ ಅಂತ ಕೇಳ್ಯಾರ. ಹಂಗಾಗಿ ಈ ಸಲ ಪೂರ್ತಿ ಅಂಕಣ ಕುರಿಗೇ ಬಿಟ್ಟೀನಿ. ಹೆಸರು ಹಾಕಬ್ಯಾಡ್ರಿ ಅಂತ ಭಾಳ ಮಂದಿ ಹೇಳಿದ್ದಕ್ಕ ಬರೇ ಊರು ಹಾಕೀನಿ.

ವಾಘೋಲಿ, ಪುಣೆ

*ಅಕ್ಕಾರ ನಮಸ್ಕಾರ. ನಾವಿರೋದು ವಾಘೋಲಿ ದಾಟಿ ಒಂದು ಹೊಸಾ ಸೊಸೈಟಿಯೊಳಗ, ಹಿಂದ ಇನ್ನೂ ಹೊಲ ಅವ. ದೀಪಾವಳಿ ಆದಮ್ಯಾಲೆ ಅಲ್ಲಿ ಒಂದು ಕುರಿ ಹಿಂಡು ಬಂದು ತಂಗಿತ್ತು, ಕುದುರಿ, ನಾಯಿ, ಕೋಳಿ, ಸಣ್ಣ ಹುಡುಗ್ರು ಎಲ್ಲಾ ಕೂಡೇ. ಮಾತಾಡ್ಸಿದ್ರ ಜತ್ ಕಡೇವ್ರು, ಚಂದ ಕನ್ನಡ ಮಾತಾಡ್ತಾರ! ಅವರ ಮನಿ ಹೆಣ್ಮಗಳು ಒಂದು ಚೊಂಬು ಕುರಿ ಹಾಲು ಕೊಟ್ಲು, ಎಷ್ಟು ಹೇಳಿದ್ರೂ ರೊಕ್ಕ ತಗೋಲಿಲ್ಲ. ಚಹಾ ಮಾಡಿದ್ರ ಬಾಸುಂದಿ ಕುಡಿದಂಗಾತು. ನಮ್ಮ ಮನಿಯವ್ರು ಮಾತ್ರ ಮುಟ್ಟಲಿಲ್ಲ, ಅದು ಮನುಷ್ಯಾರು ಕುಡಿಯೋದಲ್ಲ ಅಂತಾರ. ಖರೇನ ಅದರಾಗ ಸತ್ವ ಅದ ಏನ್ರಿ?*

ನಿಮ್ಮ ಮನಿಯವ್ರಿಗೆ ಈ ಸಂಚಿಕಿ ತೋರಿಸ್ರಿ. ನಾನು ಹದಿನೆಂಟು ವರ್ಷ ಡೈರಿ ಲ್ಯಾಬಿನ್ಯಾಗ ಹಾಲಿನ ಫ್ಯಾಟ್ ಟೆಸ್ಟ್ ಮಾಡಿದಾಕಿ, ಕುರಿ ಹಾಲು ಅಲ್ಲಿ ಬರ್ತಿರಲಿಲ್ಲ, ಒಮ್ಮೆ ಊರಿಂದ ಬರೋವಾಗ ಹುಚ್ಚು ಕುತೂಹಲಕ್ಕ ಒಂದು ಬಾಟ್ಲಿ ತಂದು ಟೆಸ್ಟ್ ಮಾಡಿದ್ದೆ. ಜೊತಿಗಿದ್ದ ಮರಾಠಿ ಹುಡುಗ ರೀಡಿಂಗ್ ನೋಡಿ ಮಶೀನ್ ಕೆಟ್ಟೈತಿ ಅಂತ ಎರಡನೇ ಸಲ ಹಾಕಿದ. ಮಶೀನ್ ಕೆಟ್ಟಿರಲಿಲ್ಲ.

ಲೆಕ್ಕ ಹಿಂಗದ ನೋಡ್ರಿ. ಆಕಳ ಹಾಲು 100 ಗ್ರಾಂ ತಗೊಂಡ್ರ ಅದರಾಗ ಸುಮಾರು 3.2 ಗ್ರಾಂ ಪ್ರೋಟೀನು, 3.5 ರಿಂದ 4 ಗ್ರಾಂ ಕೊಬ್ಬು, 60-65 ಕ್ಯಾಲರಿ. ಎಮ್ಮಿದು ಪ್ರೋಟೀನು 3.7ರ ಆಜೂಬಾಜು, ಕೊಬ್ಬು 7ರ ತನಕ ಹೋಗತದ. ಕುರಿ ಹಾಲಿನ್ಯಾಗ ಕೊಬ್ಬು ಎಮ್ಮಿಯಷ್ಟ, 7 ಗ್ರಾಂ ಹತ್ರ, ಆದ್ರ ಪ್ರೋಟೀನು ಸುಮಾರು 6 ಗ್ರಾಂ! ಇದಾ ಇದರ ಖರೇ ವಿಶೇಷ. ಎಲ್ಲಾರೂ ಕೊಬ್ಬು ನೋಡ್ತಾರ, ದಪ್ಪ ಹಾಲು ಅಂದ್ರ ಕೊಬ್ಬು ಅಂತ, ಆದ್ರ ಕುರಿ ಹಾಲು ಬಾಯಾಗ ಅಷ್ಟು ದಪ್ಪ ಅನ್ಸೋದಕ್ಕ ಕೊಬ್ಬಷ್ಟ ಅಲ್ಲ ಆ ಪ್ರೋಟೀನೂ ಕಾರಣ. ನೀರು ತೆಗೆದ್ರ ಉಳಿಯೋ ಘನಪದಾರ್ಥ ಆಕಳ ಹಾಲಿನ್ಯಾಗ 12-13 ಪರ್ಸೆಂಟ್ ಇದ್ರ ಕುರಿಯೊಳಗ 18-19. ನೀವು ಬಾಸುಂದಿ ಅಂದದ್ದು ಬರೋಬ್ಬರಿ ಅದ, ಕುದಿಸಿ ಕುದಿಸಿ ನಾವು ಗಟ್ಟಿ ಮಾಡೋದನ್ನ ಕುರಿ ಮೊದಲಾ ಮಾಡಿ ಕೊಟ್ಟಿರತದ.

ಕ್ಯಾಲ್ಸಿಯಂ 100 ಗ್ರಾಮಿಗೆ 190 ಮಿಲಿಗ್ರಾಂ ಹತ್ರ, ಆಕಳದ್ದು 115-120. ಅಂದ್ರ 200 ಎಂಎಲ್ ಗ್ಲಾಸು ಕುರಿ ಹಾಲು ಕುಡಿದ್ರ ದೊಡ್ಡವರಿಗೆ ದಿನಕ್ಕ ಬೇಕಾಗೋ 1000 ಮಿಲಿಗ್ರಾಂ ಒಳಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಂದ್ಬಿಡತದ. ವಿಟಮಿನ್ ಬಿ12, ರೈಬೊಫ್ಲೇವಿನ್ ಅನ್ನೋ ಬಿ2, ರಂಜಕ, ಸತು ಎಲ್ಲಾನೂ ಆಕಳ ಹಾಲಿಗಿಂತ ಮ್ಯಾಲೇ. ಕಬ್ಬಿಣ ಮಾತ್ರ ಇಲ್ಲ, ಅದು ಯಾವ ಹಾಲಿನ್ಯಾಗೂ ಇಲ್ಲದಷ್ಟ, ಅದಕ್ಕ ಹಾಲು ಕುಡದು ರಕ್ತ ಆಗತದ ಅನ್ನೋರ ಮಾತು ಕೇಳಬ್ಯಾಡ್ರಿ, ರಾಜಗಿರಿ, ಕಾಳು, ಎಳ್ಳು ತಿನ್ರಿ.

ಆದ್ರ ಒಂದು ಮಾತು, ಇಷ್ಟು ಗಟ್ಟಿ ಅಂದಮ್ಯಾಲೆ ಆಕಳ ಹಾಲು ಕುಡಿಯೋ ಗ್ಲಾಸು ತುಂಬಾ ಕುಡಿಯೋದಲ್ಲ. ಪೂರ್ತಿ ಗ್ಲಾಸಿಗೆ 215 ಕ್ಯಾಲರಿ ಆಗತದ, ಒಂದೂವರಿ-ಎರಡು ಚಪಾತಿ ಲೆಕ್ಕ. ಅರ್ಧ ಗ್ಲಾಸ್ ಕುಡೀರಿ, ಆಕಳ ಹಾಲಿನ ಒಂದು ಗ್ಲಾಸಿನಷ್ಟ ಪ್ರೋಟೀನು ಅರ್ಧದಾಗೇ ಬಂತು.

ಮತ್ತ ಇನ್ನೊಂದು, ಇದು ಬರೀಲಿಕ್ಕೇ ಬೇಕು. ಆ ಹಾಲು ನೀವು ಚಹಾಕ್ಕ ಹಾಕಿ ಕುದಿಸಿದ್ರಿ, ಚೊಲೋ ಆತು. ಹಸೀ ಹಾಲು ಕುಡೀಬ್ಯಾಡ್ರಿ, ಕೊಟ್ಟ ಹೆಣ್ಮಗಳು ಎಷ್ಟೇ ಪ್ರೀತಿಲೆ ಕೊಟ್ರೂ. ಕುರಿ ಆಡಿನ ಹಾಲಿನಿಂದ ಬ್ರೂಸೆಲ್ಲೋಸಿಸ್ ಅನ್ನೋ ಜ್ವರ ಬರತದ, ಕುರಿ ನೋಡಲಿಕ್ಕೆ ಆರಾಮ ಇದ್ರೂ ಹಾಲಿನ್ಯಾಗ ರೋಗಾಣು ಇರಬಹುದು. ನಮ್ಮ ಕಾಕಾಗ ಆಗಿತ್ತು. ಜ್ವರ ಬರೋದು ಹೋಗೋದು, ರಾತ್ರಿ ಮೈಯೆಲ್ಲಾ ಬೆವರು, ಸೊಂಟ ಮಣಕಾಲು ನೋವು, ಒಬ್ರು ಮಲೇರಿಯಾ ಅಂದ್ರು, ಒಬ್ರು ಟೈಫಾಯಿಡ್ ಅಂದ್ರು, ಮೂರು ತಿಂಗಳು ಅಡ್ಡಾಡಿ ಅಡ್ಡಾಡಿ ಕೊನೀಗೆ ಒಬ್ಬ ಡಾಕ್ಟ್ರು "ಮನ್ಯಾಗ ಕುರಿ ಅವ ಏನು" ಅಂತ ಕೇಳಿದಮ್ಯಾಲೆ ಗೊತ್ತಾತು. ಡೈರಿಯೊಳಗ ಹಾಲು 72 ಡಿಗ್ರಿಗೆ 15 ಸೆಕೆಂಡ್ ಇಟ್ರ ಸಾಕಾಗತದ, ಮನ್ಯಾಗ ಥರ್ಮಾಮೀಟರ್ ಯಾಕ, ಉಕ್ಕಿ ಬರೂತನಕ ಕುದಿಸ್ರಿ. ದಪ್ಪ ಹಾಲು ತಳ ಹಿಡೀತದ, ಕೈಯಾಡಿಸ್ತಾ ಇರ್ರಿ. ಬಸುರಿ ಹೆಣ್ಮಕ್ಕಳಿಗಂತೂ ಹಸೀ ಹಾಲು, ಹಸೀ ಹಾಲಿನ ಚೀಸು ಎರಡೂ ಬ್ಯಾಡ.

ಡೊಂಬಿವಲಿ

*ಮೇಡಂ, ನಾನು ಉಡುಪಿ ಕಡೆಯವ, ಹೋಟೆಲ್ ಲೈನಲ್ಲಿ ನಲ್ವತ್ತು ವರ್ಷ ದುಡಿದು ಈಗ ಮನೆಯಲ್ಲಿ ಕೂತಿದ್ದೇನೆ. ಮೊಮ್ಮಗ ಜಿಮ್ಮಿಗೆ ಹೋಗ್ತಾನೆ, ಎಲ್ಲಿಂದಲೋ ಆನ್‌ಲೈನಲ್ಲಿ ಕುರಿ ಹಾಲಿನ ಪೌಡರ್ ತರಿಸ್ತೇನೆ ಅಂತ ಹಟ, ಎ2 ಅಂತೆ, ಸೂಪರ್‌ಫುಡ್ ಅಂತೆ. ರೇಟು ಕೇಳಿದ್ರೆ ತಲೆ ತಿರುಗ್ತದೆ ಮಾರಾಯ್ರೆ. ನಮ್ಮ ಊರಿನ ಪಂಡಿತರು ಮಾತ್ರ ಕುರಿ ಹಾಲು ಆಯುರ್ವೇದದಲ್ಲಿ ನಿಷಿದ್ಧ ಅಂತ ಹೇಳ್ತಿದ್ರು. ಯಾರನ್ನು ನಂಬುವುದು?*

ಅಜ್ಜಾರ, ನಿಮ್ಮ ಪಂಡಿತರು ಸುಳ್ಳು ಹೇಳಿಲ್ಲ. ಚರಕ ಸಂಹಿತೆಯೊಳಗ ಕುರಿ ಹಾಲು ಉಷ್ಣ, ಪಿತ್ತ ಕಫ ಹೆಚ್ಚು ಮಾಡತದ, ಬಿಕ್ಕಳಿಕೆ ಉಬ್ಬಸ ತರತದ ಅಂತ ಅದ, ಎಲ್ಲಾ ಹಾಲುಗಳೊಳಗ ಅದಕ್ಕ ಕಟ್ಟಕಡೀ ಸ್ಥಾನ ಕೊಟ್ಟಾರ. ಯಾಕ ಹಂಗ ಬರದ್ರೋ, ನನಗನ್ನಿಸೋದು ಇಷ್ಟು, ಇಷ್ಟು ಜಿಡ್ಡಿನ ಹಾಲು ಹೊಟ್ಟಿಗೆ ಭಾರ ಆಗೋದು ಅವರ ಕಣ್ಣಿಗೆ ಬಿದ್ದಿರಬೇಕು. ಅದೇ ಕಾಲಕ್ಕ ಬೆಟ್ಟ ಬಯಲಿನ್ಯಾಗ ದಿನಾ ಹತ್ತು ಹದಿನೈದು ಕಿಲೋಮೀಟರ್ ನಡೆಯೋ ಕುರುಬ್ರು, ಧನಗರ್ರು ಅದನ್ನ ಕುಡದು ರೊಟ್ಟಿಗೆ ಕಲಸ್ಕೊಂಡು ತಿಂದು ಆರಾಮ ಇದ್ರು, ಅವರನ್ನ ಯಾರೂ ಕೇಳಿ ಗ್ರಂಥ ಬರೀಲಿಲ್ಲ ಅಷ್ಟ. ಇವತ್ತಿನ ಲೆಕ್ಕದಾಗ ನಿಷಿದ್ಧ ಅನ್ನೂವಂಥಾದ್ದು ಏನಿಲ್ಲ.

ಮೊಮ್ಮಗನ ವಿಷಯಕ್ಕ ಬರೋಣು. ಎ2 ಅನ್ನೋದು ಹಾಲಿನ್ಯಾಗಿನ ಒಂದು ಪ್ರೋಟೀನಿನ, ಬೀಟಾ ಕೇಸಿನ್ ಅಂತಾರ, ಅದರ ಒಂದು ನಮೂನಿ, ಇನ್ನೊಂದು ನಮೂನಿ ಎ1. ಕುರಿ ಹಾಲಿನ್ಯಾಗ ಅದ, ಖರೇ. ಆದ್ರ ಆಡಿನ ಹಾಲಿನ್ಯಾಗೂ ಅದ, ನಿಮ್ಮ ಮನಿಗೆ ದಿನಾ ಮುಂಜಾನಿ ತಬೇಲಾದಿಂದ ಬರೋ ಎಮ್ಮಿ ಹಾಲಿನ್ಯಾಗೂ ಅದ! ಎಮ್ಮಿ ಹಾಲಿಗೆ ಯಾರೂ ಎ2 ಚೀಟಿ ಅಂಟ್ಸಿ ಮೂರು ಪಟ್ಟು ರೇಟ್ ಹಾಕಂಗಿಲ್ಲ ನೋಡ್ರಿ. 2024ರ ಆಗಸ್ಟ್ ತಿಂಗಳಾಗ ಆಹಾರ ಸುರಕ್ಷತೆ ನೋಡೋ ಸರಕಾರಿ ಸಂಸ್ಥೆ ಎಫ್ಎಸ್ಎಸ್ಎಐದವ್ರು ಪ್ಯಾಕೆಟ್ ಮ್ಯಾಲಿನ ಎ1 ಎ2 ಬರಹ ತೆಗೀರಿ ಅಂತ ಆದೇಶ ಹೊಂಡ್ಸಿ ಒಂದೇ ವಾರದಾಗ ವಾಪಸ್ ತಗೊಂಡ್ರು, ಅದರ ಹಿಂದಿನ ಕಥಿ ನೀವಾ ಊಹೆ ಮಾಡ್ರಿ.

ಜಿಮ್ ಹುಡುಗಗ ಪ್ರೋಟೀನ್ ಬೇಕು, ತಪ್ಪಲ್ಲ. ಎರಡು ತತ್ತಿ ತಿಂದ್ರ 12 ಗ್ರಾಂ, ಒಂದು ಗ್ಲಾಸ್ ಕುರಿ ಹಾಲೂ 12 ಗ್ರಾಂ. ತತ್ತಿ ತಿನ್ನಂಗಿಲ್ಲ ಅಂದ್ರ ಪನೀರು, ಬ್ಯಾಳಿ, ಸೋಯಾ, ಕಡ್ಲಿ. ನೀವು ಹೋಟೆಲ್ ನಡೆಸಿದವ್ರು, ಇಡ್ಲಿ ಸಾಂಬಾರದ ಪ್ರೋಟೀನ್ ಲೆಕ್ಕ ಅವಗ ನೀವಾ ಹೇಳ್ಕೊಡ್ರಿ. ಪೌಡರ್ ಬ್ಯಾಡ.

ಪಿಂಪ್ರಿ

*ನನ್ನ ಮಗಳಿಗೆ ಒಂಬತ್ತು ತಿಂಗಳು. ಆಕಳ ಹಾಲು ಕೊಟ್ರೆ ಮೈಮೇಲೆ ಕೆಂಪು ಗಂಧೆ ಏಳುತ್ತೆ, ಒಮ್ಮೆ ತುಟಿ ಊದಿಕೊಂಡಿತ್ತು. ನಮ್ಮ ಅತ್ತೆ ಕುರಿ ಹಾಲು ಇಲ್ಲಾ ಆಡಿನ ಹಾಲು ಕೊಡು, ಮಗು ಗುಂಡಗಾಗುತ್ತೆ ಅಂತಿದಾರೆ. ಕೊಡಬಹುದಾ ಅಕ್ಕ?*

ಕೊಡಬ್ಯಾಡವಾ. ಇದೊಂದು ಪ್ರಶ್ನೆಗೆ ನಾ ತಮಾಷೆ ಮಾಡಂಗಿಲ್ಲ.

ತುಟಿ ಊದಿತ್ತು ಅಂದ್ರ ಅದು ಹಾಲಿನ ಪ್ರೋಟೀನಿನ ಅಲರ್ಜಿ ಇರಬಹುದು, ಮೊದಲು ಮಕ್ಕಳ ಡಾಕ್ಟ್ರಿಗೆ ತೋರಿಸು, ಮುಂದೂಡಬ್ಯಾಡ. ಆಕಳ ಹಾಲಿಗೆ ಅಲರ್ಜಿ ಇರೋ ಮಕ್ಕಳೊಳಗ ಹೆಚ್ಚಿನವ್ರಿಗೆ ಆಡು, ಕುರಿ, ಎಮ್ಮಿ ಹಾಲೂ ಆಗಂಗಿಲ್ಲ, ಯಾಕಂದ್ರ ಆ ಪ್ರೋಟೀನುಗಳೆಲ್ಲಾ ಅಕ್ಕ ತಂಗೇರಿದ್ದಂಗ, ಮುಖ ಒಂದೇ ನಮೂನಿ, ಮೈ ಗುರುತು ಹಿಡದು ಅಷ್ಟೇ ಜೋರಾಗಿ ರಿಯಾಕ್ಷನ್ ಕೊಡತದ. ಪ್ರಾಣಿ ಬದಲಾಯಿಸಿದ್ರ ಅಲರ್ಜಿ ಹೋಗಂಗಿಲ್ಲ.

ಅಲರ್ಜಿ ಇಲ್ಲದ ಕೂಸಿಗೂ ಒಂದು ವರ್ಷದ ಒಳಗ ಯಾವ ಪ್ರಾಣಿ ಹಾಲೂ ಮುಖ್ಯ ಊಟ ಆಗಬಾರದು. ಆರು ತಿಂಗಳ ತನಕ ಬರೇ ಎದಿ ಹಾಲು, ಆಮ್ಯಾಲೆ ಎದಿ ಹಾಲಿನ ಜೊತಿಗೆ ಮೆತ್ತನ ಅನ್ನ, ಬ್ಯಾಳಿ, ರಾಗಿ, ಬಾಳಿಹಣ್ಣು. ಕುರಿ ಹಾಲು ಕುರಿಮರಿ ಸಲುವಾಗಿ ಆದದ್ದು, ಮರಿ ಹುಟ್ಟಿದ ಅರ್ಧ ತಾಸಿನ್ಯಾಗ ಎದ್ದು ನಿಲ್ಲತದ, ವಾರಗಟ್ಟಲೆ ಬೆಳಿಯೋದನ್ನ ದಿನದಾಗ ಬೆಳೀತದ, ಅದಕ್ಕ ಅಷ್ಟು ಪ್ರೋಟೀನು ಖನಿಜ ಬೇಕು. ತಾಯಿ ಹಾಲಿನ್ಯಾಗ ಪ್ರೋಟೀನು 1 ಗ್ರಾಂ ಹತ್ರ ಅದ, ಕುರಿಯೊಳಗ 6. ಕೂಸಿನ ಎಳೇ ಕಿಡ್ನಿ ಮ್ಯಾಲೆ ಅಷ್ಟೂ ಭಾರ ಹಾಕಿದ್ರ ಹೆಂಗ? ಅತ್ತಿಯವ್ರಿಗೆ ಸಿಟ್ಟಾಗದಂಗ ಹೇಳು, ಗುಂಡಗ ಆಗೋದಕ್ಕಿಂತ ಆರಾಮ ಇರೋದು ಮುಖ್ಯ ಅಂತ, ಇಲ್ಲಾ ಡಾಕ್ಟ್ರ ಬಾಯಿಲೆ ಹೇಳಸು, ಅದು ಹೆಚ್ಚು ಕೆಲಸ ಮಾಡತದ.

ಅಂಜುಣಾ, ಗೋವಾ

*ಮೇಡಮ್ಮಾರ, ನಾನು ಬಾಗಲಕೋಟಿ ಹುಡುಗ, ಇಲ್ಲಿ ಬೀಚ್ ಹತ್ರ ಒಂದು ರೆಸ್ಟೋರೆಂಟಿನ ಕಿಚನ್ದಾಗ ಕೆಲಸ. ಫಾರಿನ್ ಗಿರಾಕಿಗಳು ಬಂದು ಫೆಟಾ ಕುರಿ ಹಾಲಿಂದೇನಾ ಅಂತ ಕೇಳ್ತಾರ. ನಾ ನಕ್ಕು ಯೆಸ್ ಯೆಸ್ ಅಂತೀನಿ. ಖರೇನ ಕುರಿ ಹಾಲಿಂದ ಚೀಸ್ ಮಾಡ್ತಾರ ಏನ್ರಿ? ನಮ್ಮ ಮನ್ಯಾಗ ಎಂಬತ್ತು ಕುರಿ ಅದಾವ, ನಮ್ಮವ್ವ ಮೊಸರು ಬಿಟ್ರ ಏನೂ ಮಾಡಿಲ್ಲ.*

ತಮ್ಮಾ, ಯೆಸ್ ಅನ್ನೋಕಿಂತ ಮೊದಲು ಡಬ್ಬಿ ಮ್ಯಾಲಿಂದು ಓದು! ನಮ್ಮಲ್ಲಿ ಮಾರೋ ಫೆಟಾ ಭಾಳಷ್ಟು ಆಕಳ ಹಾಲಿಂದು. ಖರೇ ಫೆಟಾ ಗ್ರೀಸ್ ದೇಶದ್ದು, ಅದು ಕುರಿ ಹಾಲಿಂದಾ ಆಗಬೇಕು, ಬೇಕಾದ್ರ ಆಡಿನ ಹಾಲು 30 ಪರ್ಸೆಂಟಿನ ತನಕ ಸೇರಿಸಬಹುದು, ಅದಕ್ಕಿಂತ ಹೆಚ್ಚಿಲ್ಲ. 2002ರಾಗ ಯುರೋಪಿನವ್ರು ಫೆಟಾ ಅನ್ನೋ ಹೆಸರು ಗ್ರೀಸಿಗಷ್ಟ ಅಂತ ಬರಕೊಟ್ರು, ಡೆನ್ಮಾರ್ಕ್ ಜರ್ಮನಿಯವ್ರು ಕೋರ್ಟಿಗೆ ಹೋದ್ರು, 2005ರಾಗ ಸೋತ್ರು. ನಮ್ಮ ಧಾರವಾಡ ಪೇಡಾಕ್ಕ ಜಿಐ, ಅಂದ್ರ ಆ ಊರಿನ ಹೆಸರಿನ ಹಕ್ಕು, ಕೊಟ್ಟಾರಲಾ, ಅದೇ ನಮೂನಿ.

ಇನ್ನ ಹೇಳ್ತೀನಿ ಕೇಳು, ನಿನಗ ಗಿರಾಕಿ ಮುಂದ ಹೇಳ್ಕೊಳ್ಳಲಿಕ್ಕೆ ಬೇಕಾಗತದ. ಇಟಲಿಯ ಪೆಕೊರಿನೊ, ಆ ಭಾಷಿಯೊಳಗ ಪೆಕೊರಾ ಅಂದ್ರ ಕುರಿ. ಸ್ಪೇನಿನ ಮಾಂಚೆಗೊ, ಲಾ ಮಾಂಚಾ ಅನ್ನೋ ಒಣ ಬಯಲಿಂದು, ಅದನ್ನ ಅಲ್ಲಿನ ಮಾಂಚೆಗಾ ತಳಿ ಕುರಿ ಹಾಲಿಂದಾ ಮಾಡ್ಬೇಕು. ಫ್ರಾನ್ಸಿನ ರಾಕ್‌ಫೋರ್, ನೀಲಿ ಬೂಸು ಬಂದದ್ದಿರತದ ನೋಡು, ನೀ ಮೊದಲ ಸಲ ನೋಡಿದ್ರ ಕೆಟ್ಟದ ಅಂತ ಚೆಲ್ಲಿಬಿಡ್ತಿ, ಅದು ಲಕೋನ್ ಅನ್ನೋ ತಳಿಯ ಕುರಿ ಹಾಲಿಂದು, ಗವಿಯೊಳಗ ಇಟ್ಟು ಮಾಗಿಸ್ತಾರ.

ಅವ್ರು ಕುರಿಗೇ ಯಾಕ ಬಿದ್ದಾರ ಅಂದ್ರ ಇದರ ಹಾಲು ಚೀಸಿಗೇ ಹುಟ್ಟಿದಂಗದ. ಒಂದು ಕಿಲೋ ಚೀಸಿಗೆ ಆಕಳ ಹಾಲು 10 ಲೀಟರ್ ಹತ್ರ ಬೇಕು, ಕುರಿ ಹಾಲು 5-6 ಲೀಟರ್ ಸಾಕು. ಎಲ್ಲಾ ಆ ಪ್ರೋಟೀನು ಕೊಬ್ಬಿನ ಮಹಿಮಾ. ಹಾಲು ಕಡಿಮಿ ಬರೋ ಸೀಸನ್ನಿಗೆ ಅಂತ ಫ್ರೀಜ್ ಮಾಡಿಟ್ಟು ಆಮ್ಯಾಲೂ ಚೀಸ್ ಮಾಡ್ತಾರ. ಬಣ್ಣಾನೂ ನೋಡು, ಆಕಳ ಹಾಲಿನ ಬೆಣ್ಣಿ ಚೀಸು ಹಳದಿ ಕಾಣತದ, ಕುರಿದು ಬೆಳ್ಳಗ ಸುಣ್ಣದಂಗ. ಹಸಿರು ಮೇವಿನ್ಯಾಗಿನ ಹಳದಿ ಕ್ಯಾರೊಟಿನ್ ಕುರಿ ತನ್ನ ಹೊಟ್ಟ್ಯಾಗೇ ವಿಟಮಿನ್ ಎ ಮಾಡಿ ಹಾಲಿಗೆ ಬಿಡತದ, ಎಮ್ಮಿನೂ ಹಂಗಾ. ಡಬ್ಬಿ ತೆರೆದಾಗ ಫೆಟಾ ಸ್ವಲ್ಪ ಹಳದಿ ಛಾಯೆ ಇದ್ರ ಕುರಿ ಹಾಲಿಂದಲ್ಲ ಅಂತ ಸಂಶಯ ಪಡು, ಬೆಳ್ಳಗಿದ್ರ ಕುರಿದಾ ಅಂತ ಮಾತ್ರ ಹೇಳ್ಳಿಕ್ಕೆ ಬರಂಗಿಲ್ಲ.

ಉಪ್ಪು ಭಾಳ ಇರತದ ಅದರಾಗ. ಬಿಪಿ ಇದ್ದವ್ರು ಸಲಾಡಿಗೆ ಚೂರು ಉದುರಿಸ್ಕೊಂಡ್ರ ಸಾಕು.

ನಿಮ್ಮವ್ವನ ಮೊಸರು ಅಂದಿ ನೋಡು, ಅದಕ್ಕ ಬಾಯಾಗ ನೀರು ಬಂತು. ಗ್ರೀಕ್ ಯೋಗರ್ಟ್ ಅಂತ ಮಾಲ್‌ನ್ಯಾಗ ಸಣ್ಣ ಕಪ್ಪಿಗೆ ಅಷ್ಟು ರೊಕ್ಕ ತಗೋತಾರಲಾ, ಆಕಳ ಹಾಲಿನ ಮೊಸರನ್ನ ಅರಿವ್ಯಾಗ ಸೋಸಿ ನೀರು ತೆಗೆದು ಮಾಡಿದ್ದು ಅದು. ಕುರಿ ಹಾಲಿಗೆ ಹೆಪ್ಪು ಹಾಕಿದ್ರ ಸೋಸೋದೇ ಬ್ಯಾಡ, ಚೂರಿಲೆ ಕೊಯ್ಯಂಗ ಆಗತದ. ಹಾಲು ಕುದಿಸಿ, ಬೆರಳು ಇಟ್ರ ಬೆಚ್ಚಗ ಅನ್ನುವಷ್ಟು ಆರಿಸಿ, ಹೆಪ್ಪು ಆಕಳ ಹಾಲಿಗೆ ಹಾಕೋದಕ್ಕಿಂತ ಚೂರು ಕಡಿಮಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಆ ಮೊಸರು... ಊರಿಗೆ ಹೋದಾಗ ಒಂದು ಗಡಿಗಿ ತಿಂದು ಬಾ.

ಕೋಥ್ರೂಡ್, ಪುಣೆ

*ಹಾಲು ಕುಡಿದ್ರೆ ಹೊಟ್ಟೆ ಉಬ್ಬರ, ಗ್ಯಾಸ್, ಟಾಯ್ಲೆಟ್‌ಗೆ ಓಡ್ಬೇಕು. ಡಾಕ್ಟರ್ ಲ್ಯಾಕ್ಟೋಸ್ ಪ್ರಾಬ್ಲಂ ಅಂದ್ರು. ಕುರಿ ಹಾಲಲ್ಲಿ ಲ್ಯಾಕ್ಟೋಸ್ ಇಲ್ಲ ಅಂತ ರೀಲ್ಸಲ್ಲಿ ನೋಡಿದೆ, ನಿಜಾನಾ?*

ಸುಳ್ಳು. ಲ್ಯಾಕ್ಟೋಸ್ ಅಂದ್ರ ಹಾಲಿನ್ಯಾಗಿನ ಸಕ್ಕರಿ, ಕುರಿ ಹಾಲಿನ್ಯಾಗ 100 ಗ್ರಾಮಿಗೆ 5 ಗ್ರಾಂ ಹತ್ರ ಅದ, ಆಕಳ ಹಾಲಿನಷ್ಟಾ, ಒಂದು ಕೂದಲೆಳಿ ಹೆಚ್ಚೇ. ಕುರಿ ಹಾಲಿನ ಕೊಬ್ಬಿನ ಹನಿಗಳು ಸಣ್ಣ ಇರ್ತಾವ, ಅದಕ್ಕ ಜೀರ್ಣಕ್ಕ ಸಲೀಸು ಅಂತಾರ, ಅದು ಕೊಬ್ಬಿನ ಮಾತು, ನಿನ್ನ ಹೊಟ್ಟಿ ಜಗಳ ಸಕ್ಕರಿ ಜೋಡಿ. ಮೊಸರು ತಿನ್ನು, ಮಜ್ಜಿಗಿ ಕುಡಿ, ಹೆಪ್ಪಿನ ಬ್ಯಾಕ್ಟೀರಿಯಾ ಒಂದಿಷ್ಟು ಲ್ಯಾಕ್ಟೋಸ್ ತಿಂದಿರ್ತಾವ. ತಿಂಗಳಗಟ್ಟಲೆ ಮಾಗಿಸಿದ ಗಟ್ಟಿ ಚೀಸಿನ್ಯಾಗ ಅದು ಇಲ್ಲವೇ ಇಲ್ಲ ಅನ್ನುವಷ್ಟು, ಆದ್ರ ಸಣ್ಣ ಪಾಕೀಟಿಗೆ ಅದು ಆಗೂ ಮಾತಲ್ಲ.

ಹಡಪ್ಸರ್

*ಮಳೆಗಾಲದಾಗ ನಮ್ಮ ಬಿಲ್ಡಿಂಗಿನ್ಯಾಗ ನಾಕು ಮಂದಿಗೆ ಡೆಂಗಿ ಆತು. ಪ್ಲೇಟ್ಲೆಟ್ ಏರಬೇಕಂದ್ರ ಆಡಿನ ಹಾಲು ಕುಡಿಸ್ರಿ ಅಂತ ಎಲ್ಲಾರೂ ಹೇಳೋರೇ, ಲೀಟರಿಗೆ ಬಾಯಿಗೆ ಬಂದ ರೇಟು. ಆಡಿಂದು ಸಿಗಲಿಲ್ಲ ಅಂತ ಒಬ್ರು ಕುರಿದು ತಂದು ಕೊಟ್ರು. ಎರಡೂ ಒಂದಾ ಏನ್ರಿ?*

ಒಂದಲ್ಲ. ಆಡಿನ ಹಾಲು ಆಕಳ ಹಾಲಿನ ಹತ್ತಿರದ್ದು, ಪ್ರೋಟೀನು ಮೂರೂವರಿ, ಕೊಬ್ಬು ನಾಕರ ಆಜೂಬಾಜು. ಕುರಿದು ಅದಕ್ಕಿಂತ ಸುಮಾರು ಒಂದೂವರಿ ಪಟ್ಟು ಗಟ್ಟಿ. ಒಂದು ಸಣ್ಣ ಫರಕು ಗೊತ್ತಿರಲಿ, ಆಡಿನ ಹಾಲಿನ್ಯಾಗ ಫೋಲೇಟ್ ಅನ್ನೋ ಬಿ ವಿಟಮಿನ್ ಭಾಳ ಕಡಿಮಿ, ಅದೊಂದನ್ನೇ ಕುಡಿಸಿ ಬೆಳೆಸಿದ ಕೂಸುಗಳಿಗೆ ರಕ್ತಹೀನತೆ ಆದದ್ದಕ್ಕ ದಾಖಲೆ ಅದ, ಕುರಿ ಹಾಲಿನ್ಯಾಗ ಫೋಲೇಟ್ ಅದಕ್ಕಿಂತ ಹೆಚ್ಚದ.

ಇನ್ನ ಡೆಂಗಿ. ಆಡಿನ ಹಾಲಿಗಾಗಲಿ ಕುರಿ ಹಾಲಿಗಾಗಲಿ ಪ್ಲೇಟ್ಲೆಟ್ ಏರಿಸೋ ಶಕ್ತಿ ಅದ ಅನ್ನೋದಕ್ಕ ಪುರಾವೆ ಇಲ್ಲ. ಡೆಂಗಿಯೊಳಗ ಪ್ಲೇಟ್ಲೆಟ್ ಇಳಿದದ್ದು ಕೆಲವು ದಿನಕ್ಕ ತಾನಾ ಏರತದ, ಆ ಹೊತ್ತಿಗೆ ಕೈಯಾಗ ಯಾವ ಗ್ಲಾಸ್ ಇತ್ತೋ ಹೆಸರು ಅದಕ್ಕ ಹೋಗತದ, ಅಷ್ಟ ಕಥಿ. ಬೇಕಾದ್ದು ನೀರು, ಗಂಜಿ, ಎಳೆನೀರು, ಓಆರ್‌ಎಸ್, ಮತ್ತ ಡಾಕ್ಟ್ರ ಕಣ್ಣು. ಹೊಟ್ಟಿ ನೋವು ಜೋರಾದ್ರ, ವಾಂತಿ ನಿಲ್ಲದಿದ್ರ, ರಕ್ತ ಕಂಡ್ರ ಹಾಲಿನವ್ನ ಹುಡಕಬ್ಯಾಡ್ರಿ, ರಿಕ್ಷಾ ಹಿಡೀರಿ. ಜ್ವರದಾಗಿದ್ದ ಮನಷ್ಯಾಗ ಹಸೀ ಆಡಿನ ಹಾಲು ಕುಡಿಸಿದ್ದೂ ನೋಡೀನಿ, ಮ್ಯಾಲೆ ಬರದೀನಲ್ಲ ಆ ಬ್ರೂಸೆಲ್ಲಾ, ಒಂದು ಜ್ವರ ಹೋಗೋಕಿಂತ ಮೊದಲಾ ಇನ್ನೊಂದಕ್ಕ ಬಾ ಅಂತ ಕರದಂಗ.

ಗಾಂಧೀಜಿ ಆಡಿನ ಹಾಲು ಕುಡೀತಿದ್ರಲ್ಲ ಅಂತ ನೀವು ಕೇಳೋಕಿಂತ ಮೊದಲಾ ಹೇಳ್ತೀನಿ, ಅದು ಪ್ಲೇಟ್ಲೆಟ್ ಸಲುವಾಗಿ ಅಲ್ಲ. ಆಕಳು ಎಮ್ಮಿಗೆ ಆ ಕಾಲದ ಗೌಳ್ಯಾರು ಕೊಡೋ ಹಿಂಸೆ ಕೇಳಿ ಹಾಲೇ ಬಿಟ್ಟಿದ್ರು, 1919ರ ಸುಮಾರಿಗೆ ಜಡ್ಡು ಬಿದ್ದಾಗ ಕಸ್ತೂರಬಾ "ಆಡಿನ ಹಾಲಿಗೆ ನಿಮ್ಮ ವ್ರತ ಅಡ್ಡ ಬರಂಗಿಲ್ಲಲಾ" ಅಂತ ದಾರಿ ತೋರಿಸಿದ್ರು. ಹೆಂಡ್ತಿ ಅಂದ್ರ ಹಿಂಗಿರಬೇಕು.

ಚಾಕಣ

*ಸರ್/ಮೇಡಂ, ನಾನು ಕಂಪ್ನಿಯೊಳಗ ಕಾಂಟ್ರಾಕ್ಟ್ ಕೆಲಸ, ಊರು ಇಂಡಿ ತಾಲೂಕು. ಕುರಿ ಹಾಲಿನ ಡೈರಿ ಮಾಡಿ ಲಕ್ಷಗಟ್ಟಲೆ ಗಳಿಸ್ರಿ ಅಂತ ವಿಡಿಯೋ ನೋಡಿ ತಲಿ ಕೆಟ್ಟದ. ಕೆಲಸ ಬಿಟ್ಟು ನೂರು ಕುರಿ ಹಾಕ್ಲೇನು?*

ಕೆಲಸ ಬಿಡಬ್ಯಾಡಪಾ, ಮೊದಲು ಈ ಲೆಕ್ಕ ನೋಡು.

ನಮ್ಮ ಡೆಕ್ಕನಿ ಕುರಿ, ಮಾಡಗ್ಯಾಳ ಕುರಿ, ಆ ಕಡೆ ಯಳಗ, ಕೆಂಗುರಿ, ಇವೆಲ್ಲಾ ಮಾಂಸಕ್ಕ, ಉಣ್ಣಿಗೆ, ಗೊಬ್ಬರಕ್ಕ ಬೆಳೆದು ಬಂದ ತಳಿ. ಈದ ಕುರಿ ದಿನಕ್ಕ ಅರ್ಧ ಲೀಟರ್ ದಾಟಿ ಕೊಡೋದು ಅಪರೂಪ, ಅದೂ ಮೂರು ತಿಂಗಳ ಮಟ್ಟಿಗೆ. ಅದರಾಗ ಮರಿ ಪಾಲು ಮೊದಲು. ಮರಿ ಕುಡದು ಉಳದದ್ದು ಕುರಿಗೆ 200 ಎಂಎಲ್ ಅಂತ ಹಿಡಿ, ನೂರು ಕುರಿ ಎಲ್ಲಾ ಒಮ್ಮೆಲೇ ಈದಾವ ಅಂತಾನೂ ಹಿಡಿ, ಅಂಥಾ ಭಾಗ್ಯ ಯಾರಿಗೂ ಬರಂಗಿಲ್ಲ, ಆದ್ರೂ ಹಿಡಿ, 20 ಲೀಟರ್ ಆತು. ನೂರು ಕುರಿ ಕೈಲೆ ಹಿಂಡಬೇಕು, ಕುರಿ ಮೊಲಿ ಎರಡಾ, ಸಣ್ಣವು, ಎರಡು ಬೆರಳಿನ್ಯಾಗ ಹಿಡದು ಹಿಂಡೋದು, ಇಪ್ಪತ್ತು ಕುರಿಗೇ ಮಣಿಕಟ್ಟು ಹಿಡಕೋತದ. ಆ 20 ಲೀಟರು ಎರಡು ಜರ್ಸಿ ಆಕಳು ನಿಂತಲ್ಲೇ ಕೊಡ್ತಾವ.

ವಿಡಿಯೋದಾಗ ತೋರಸೋ ಕುರಿ ಬ್ಯಾರೆ. ಫ್ರಾನ್ಸಿನ ಲಕೋನ್ ಒಂದು ಸೀಸನ್ನಿಗೆ 250-300 ಲೀಟರ್ ಕೊಡತದ, ಜರ್ಮನಿಯ ಈಸ್ಟ್ ಫ್ರೀಸಿಯನ್ ಅದಕ್ಕಿಂತ ಹೆಚ್ಚು. ಅಲ್ಲಿನ ಥಂಡಿ, ಅಲ್ಲಿನ ಹುಲ್ಲು, ಮಶೀನ್‌ಲೆ ಹಿಂಡೋದು, ಪಕ್ಕದಾಗೇ ಚೀಸ್ ಫ್ಯಾಕ್ಟರಿ. ಇಂಡಿ ಬಿಸಲಿನ್ಯಾಗ ಅದನ್ನ ಕಟ್ಟಿದ್ರ ಕುರಿಗೂ ಪಾಪ, ನಿನಗೂ ಪಾಪ.

ಕುರಿ ಮಾಡಬ್ಯಾಡ ಅಂತ ನಾ ಅಂದಿಲ್ಲ. ಮರಿ ಮಾರಿ ಬರೋದು, ರೈತರ ಹೊಲದಾಗ ರಾತ್ರಿ ಹಿಂಡು ತರುಬಿದ್ದಕ್ಕ ಬರೋ ಕಾಳು ರೊಕ್ಕ, ಅದೇ ಕುರಿಯ ಗಳಿಕಿ. ಕಲಿಯೋ ಮನಸಿದ್ರ ಪುಣೆಯಿಂದ 110 ಕಿಲೋಮೀಟರ್ ಹತ್ರ ಫಲಟಣ ಅದ, ಅಲ್ಲಿನ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವ್ರು ನಾರಿ ಸುವರ್ಣ ಅನ್ನೋ ಕುರಿ ಮಾಡ್ಯಾರ. ಬಂಗಾಲದ ಸುಂದರಬನದ ಗರೋಲ್ ಅಂತ ಒಂದು ಪುಟ್ಟ ಕುರಿ, ಅದು ಅವಳಿ ಮರಿ ಹಾಕತದ, ಆ ಗುಣಾನ ನಮ್ಮ ಡೆಕ್ಕನಿಗೆ ತಂದು ಕೂಡಿಸ್ಯಾರ. ಒಂದರ ಬದಲಿ ಎರಡು ಮರಿ ಅಂದ್ರ ಗಳಿಕಿ ಎಷ್ಟಾತು ನೋಡು. ಆದ್ರ ಎರಡು ಮರಿ ಇದ್ರ ಇದ್ದ ಹಾಲೂ ಎರಡು ಪಾಲು, ಆಗ ನಿನ್ನ ಡೈರಿಗೆ ಉಳಿಯೋದು ಏನು? ಅದಕ್ಕಾ ಹೇಳ್ತೀನಿ, ವಿಡಿಯೋ ಮಾಡಿದವ್ನ ಹಿಂದ ಎಷ್ಟು ಕುರಿ ನಿಂತಾವ ಅಂತ ಒಮ್ಮೆ ಎಣಿಸು.

ಮೀರಾ ರೋಡ್

*ತಂದೆಗೆ 68, ಬೈಪಾಸ್ ಆಗಿದೆ, ಕಿಡ್ನಿ ಟೆಸ್ಟಲ್ಲಿ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ. ತೂಕ ಇಳಿದಿದೆ ಅಂತ ಊರಿಂದ ಕುರಿ ಹಾಲಿನ ತುಪ್ಪ ಕಳಿಸಿದ್ದಾರೆ. ಕೊಡ್ಲಾ?*

ಕುರಿ ಹಾಲಿನ ಕೊಬ್ಬಿನ್ಯಾಗ ಮೂರರಾಗ ಎರಡು ಭಾಗ ಸ್ಯಾಚುರೇಟೆಡ್, ಅಂದ್ರ ಹೃದಯಕ್ಕ ಆಗಿ ಬರದ ನಮೂನಿ ಕೊಬ್ಬು, ತುಪ್ಪ ಅಂದ್ರ ಬರೇ ಕೊಬ್ಬೇ. ಬೈಪಾಸ್ ಆದವ್ರಿಗೆ ವಾಸನಿಗೆ ಅಂತ ಅನ್ನದ ಮ್ಯಾಲೆ ಅರ್ಧ ಟೀ ಚಮಚ, ಅದೂ ಅವರ ಡಾಕ್ಟ್ರು ಹೂಂ ಅಂದ್ರ. ಹಾಲಂತೂ ಕ್ರಿಯಾಟಿನಿನ್ ಏರಿದವ್ರಿಗೆ ಕೇಳದಾ ಕೊಡಬ್ಯಾಡ್ರಿ, ಪ್ರೋಟೀನು ರಂಜಕ ಎರಡೂ ಹೆಚ್ಚದ ಅದರಾಗ. ತೂಕ ಯಾಕ ಇಳೀತು ಅನ್ನೋದನ್ನ ಮೊದಲು ತೋರಿಸ್ರಿ. ಉಳದ ತುಪ್ಪ ನಿಮ್ಮ ಮಕ್ಕಳ ಹೋಳಿಗಿಗೆ ಬರತದ.

ಮಾರ್ಗಾವ್, ಗೋವಾ

*ಅಕ್ಕಾ, ಪುಣೆಯೊಳಗ ಖರವಸ್ ಅಂತ ಡೈರಿಯೊಳಗ ಮಾರ್ತಾರಲಾ, ನಮ್ಮ ಗಿಣ್ಣ. ಕುರಿ ಗಿಣ್ಣ ನಮ್ಮಜ್ಜಿ ಮಾಡ್ತಿದ್ಲು ಅಂತ ನೆನಪು, ಬೆಲ್ಲ ಯಾಲಕ್ಕಿ ಹಾಕಿ. ಈಗೂ ಮಾಡ್ತಾರ?*

ಮಾಡ್ತಾರ, ಆದ್ರ ನಿಮ್ಮಜ್ಜಿ ಯಾವಾಗ ಮಾಡ್ತಿದ್ಲು ನೆನಪು ಮಾಡ್ಕೋರಿ. ಮರಿ ಸತ್ತು ಹುಟ್ಟಿದಾಗ, ಇಲ್ಲಾ ಮರಿ ಕುಡದು ಕುಡದು ಸಾಕಾಗಿ ಕೆಚ್ಚಲು ಬಿಗದಾಗ. ಮೊದಲ ದಿನದ ಆ ಹಳದಿ ಗಟ್ಟಿ ಹಾಲಿನ್ಯಾಗ ರೋಗ ತಡಿಯೋ ಪ್ರೋಟೀನು ತುಂಬಿರತದ, ಕುರಿಮರಿ ಹುಟ್ಟುವಾಗ ತಾಯಿಯಿಂದ ಅದನ್ನ ತಗೊಂಡು ಬರಂಗಿಲ್ಲ, ಗಿಣ್ಣದ ಹಾಲಿನಿಂದಾ ಸಿಗಬೇಕು, ಅದೂ ಹುಟ್ಟಿದ ಕೆಲವು ತಾಸಿನೊಳಗ. ತಡ ಆದ್ರ ಮರಿಯ ಕರುಳು ಅದನ್ನ ಹೀರಕೊಳ್ಳೋದು ಬಿಟ್ಟುಬಿಡತದ. ಅದಕ್ಕ ನಮ್ಮೂರಾಗ ಕುರಿ ಗಿಣ್ಣ ಕೇಳಲಿಕ್ಕೆ ಹೋದ್ರ ಕುರುಬರ ಮುದಕಿ ಮೊದಲು "ಮರಿ ಹೊಟ್ಟಿ ತುಂಬೇತಿ ನೋಡಿ ಬಾ" ಅಂತ ನಮ್ಮನ್ನ ರೊಪ್ಪಕ್ಕ ಕಳಿಸ್ತಿದ್ಲು. ಹೋಗಿ ಮರಿ ಹೊಟ್ಟಿ ಒತ್ತಿ ನೋಡಿ ಬಂದು ತುಂಬೇತಿ ಅಂದ್ರ ವಾಟಗದಾಗ ಎರಡು ಚಮಚ ಆಗುವಷ್ಟು ಕೊಡಾಕಿ. ಎಂಟು ಮಂದಿ ಹುಡುಗ್ರು, ಎರಡು ಚಮಚ.